ಮೂವತ್ತರ ಎಣಿಕೆ

ಆ ಹಾಳಾದ ಪ್ರೊಸೆಸರ್ ಮೂರು ದಿನದಿಂದ ಅವಳ ಜೀವ ಹಿಂಡಿತ್ತು. ಅವಳು ಬರೆದ ಕರ್ನಲ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಪ್ರೊಸೆಸರ್ ತನ್ನ ಮಿಡಿತಗಳನ್ನು ಎಣಿಸಿಡುವ ಕೌಂಟರ್ ನೋಡಿಯೇ ಹೊತ್ತು ತಿಳಿಯುತ್ತಿತ್ತು. ಹಳೆಯ ಚಿಪ್, ಕೆಲಸದ ಹೊರೆ ಬಿದ್ದರೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಎಣಿಕೆಯೂ ಜೊತೆಗೇ ಓಡಿ, ಗಂಟೆಗೆ ಹತ್ತು ನಿಮಿಷ ಮುಂದೆ ಹೋಗುತ್ತಿತ್ತು. ಕೊನೆಗೆ, ಯಾವ ಗಡಿಬಿಡಿಗೂ ಜಗ್ಗದ ಇನ್ನೊಂದು ಗಡಿಯಾರವನ್ನು ಅದಕ್ಕೆ ಕಾವಲಿಟ್ಟು ಮನೆಗೆ ಬಂದಳು.

ಅಪ್ಪ ವ್ಯಾಯಾಮ ಮಾಡುತ್ತಿದ್ದರು. ಪಾರ್ಶ್ವವಾಯು ಹೊಡೆದ ಬಲಗೈಯನ್ನು ಮೇಲೆತ್ತಿ ಮೂವತ್ತು ಸೆಕೆಂಡ್ ಹಿಡಿಯಬೇಕೆಂದು ಡಾಕ್ಟರ್ ಹೇಳಿದ್ದರು. ಹತ್ತರವರೆಗೆ ಅಪ್ಪನ ಎಣಿಕೆ ನಿಧಾನವಾಗಿಯೇ ಇತ್ತು. ನೋವು ಏರಿದಂತೆ ಅಂಕಿಗಳು ಒಂದರ ಬಾಲ ಒಂದು ಹಿಡಿದು ಓಡಿದವು. ಅಪ್ಪ "ಮೂವತ್ತು!" ಎಂದಾಗ ಗೋಡೆ ಗಡಿಯಾರದಲ್ಲಿ ಹದಿನೆಂಟೇ ಆಗಿತ್ತು.

"ನಮ್ಮ ಪ್ರೊಸೆಸರಿನ ರೋಗ ನಿಮಗೂ ಅಂಟಿದೆ ಅಪ್ಪಾ. ಇನ್ಮೇಲೆ ಗಡಿಯಾರ ನೋಡ್ಕೊಂಡು ನಾನೇ ಎಣಿಸ್ತೀನಿ."

"ನಿನಗೆ ಕರುಣೆ ಅನ್ನೋದೇ ಇಲ್ಲ ಕಣೆ," ಎಂದು ಗೊಣಗುತ್ತಾ ಅಪ್ಪ ಮತ್ತೆ ಕೈ ಎತ್ತಿದರು.

ಅವಳು ಸೆಕೆಂಡ್ ಮುಳ್ಳಿನಿಂದ ಕಣ್ಣು ಕೀಳದೆ ಎಣಿಸಿದಳು. ಇಪ್ಪತ್ತಕ್ಕೆ ಅಪ್ಪನ ಉಸಿರು ಜೋರಾಯಿತು. ಇಪ್ಪತ್ತೆರಡಕ್ಕೆ ತಡೆಯಲಾರದೆ ತಿರುಗಿ ನೋಡಿದಳು. ಕೈ ಗಡಗಡ ನಡುಗುತ್ತಿತ್ತು. ಅಪ್ಪ ತುಟಿ ಕಚ್ಚಿಕೊಂಡಿದ್ದರು.

"ಇಪ್ಪತ್ಮೂರು, ಇಪ್ಪತ್ನಾಕು, ಇಪ್ಪತ್ತೈದಾರೇಳೆಂಟು, ಮೂವತ್ತು! ಇಳಿಸಿ ಅಪ್ಪಾ, ಇಳಿಸಿ!"

ಅಪ್ಪ ಇಳಿಸಲಿಲ್ಲ. ಅವರ ಕಣ್ಣು ಈಗ ಗೋಡೆಯ ಮೇಲಿತ್ತು.

"ಇನ್ನೂ ಇಪ್ಪತ್ತೈದು ಕಣೆ, ಕಳ್ಳಿ," ಎಂದರು.