ಗಾಳಿ ಬರುವ ಸಂದು

ಮೇಜಿನ ಮೇಲಿದ್ದ ಮಾದರಿಯತ್ತ ಬಾಗಿ ಕ್ಯಾಪ್ಟನ್ ಬಾಯಿಂದ ಮೆಲ್ಲಗೆ ಊದಿದ.

"ಧೂಳಾ ಸರ್? ತಡೀರಿ, ಒರೆಸ್ತೀನಿ," ಎನ್ನುತ್ತ ಆರ್ಕಿಟೆಕ್ಟ್ ಜೇಬಿನಲ್ಲಿ ಕರವಸ್ತ್ರ ಹುಡುಕಿದ.

ಧೂಳಲ್ಲ. ಎಂಟು ಮಹಡಿಯ ಹೊಸ ಆಸ್ಪತ್ರೆ ಬ್ಲಾಕನ್ನು ರಟ್ಟು ಮತ್ತು ಥರ್ಮೋಕೋಲಿನಲ್ಲಿ ಮಾಡಿ ನಿಲ್ಲಿಸಿದ್ದರು. ಅದರ ಮುಂದೆ ಕೆರೆ ಎಂದು ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಹಾಳೆಯ ಮೇಲೆ, ಕತ್ತರಿಸುವಾಗ ಉದುರಿದ ಥರ್ಮೋಕೋಲಿನ ನಾಲ್ಕಾರು ಬಿಳಿ ಕಾಳು. ಕ್ಯಾಪ್ಟನ್ ಊದಿದ್ದು ಪಶ್ಚಿಮದ ಕಡೆಯಿಂದ, ಬ್ಲಾಕಿನ ಬೆನ್ನಿಗೆ. ಕಾಳುಗಳು ಅಲುಗಲಿಲ್ಲ. ಎರಡು ಬೆರಳಲ್ಲಿ ಬ್ಲಾಕನ್ನು ಎತ್ತಿ ಪಕ್ಕಕ್ಕಿಟ್ಟು, ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಊದಿದ. ಅವು ಹಾಳೆಯುದ್ದಕ್ಕೂ ಉರುಳಿ ಮೇಜಿನಿಂದ ಕೆಳಗೆ ಬಿದ್ದವು.

"ಇದನ್ನ ಇಲ್ಲೇ ಕಟ್ಟಬೇಕು ಅಂದಿದ್ದು ಯಾರು?" ಎಂದು ಕೇಳಿದ.

ಆರ್ಕಿಟೆಕ್ಟ್ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಡಾಕ್ಟರಮ್ಮನ ಮುಖ ನೋಡಿದ. ಕಡೆಗೆ ಆಕೆಯೇ ಹೇಳಿದರು. "ನೀವೇ ಸರ್."

ಹೌದು, ತಾನೇ. ಕಳೆದ ವರ್ಷ, ಕಟ್ಟಡಕ್ಕೆ ದುಡ್ಡು ಕೊಡುವವನೆಂದು ಜಾಗ ತೋರಿಸಲು ಕರೆದಾಗ ಕೆರೆಯ ಪಶ್ಚಿಮದ ತುದಿಯಲ್ಲಿ, ಎರಡು ಗುಡ್ಡಗಳ ನಡುವಿನ ಸಮತಟ್ಟಿನಲ್ಲಿ ನಿಂತು, ಇಲ್ಲೇ ಕಟ್ಟಿ, ಮಲಗಿದವರ ಕಣ್ಣಿಗೆ ನೀರಾದರೂ ಕಾಣಲಿ ಅಂದಿದ್ದ. ಅದು ಗಾಳಿಯಿಲ್ಲದ ತಿಂಗಳು. ಕೆರೆ ಒಂದು ಸುಕ್ಕೂ ಇಲ್ಲದೆ ಬಿದ್ದಿತ್ತು. ವರ್ಷದ ಏಳು ತಿಂಗಳು ಈ ಕೆರೆಗೆ ಗಾಳಿ ಬರುವುದು ಆ ಗುಡ್ಡಗಳ ಸಂದಿನಿಂದ, ಬೇರೆಲ್ಲಿಂದಲೂ ಅಲ್ಲ. ಊರಿನಲ್ಲಿ ಇನ್ನಾರಿಗೆ ಹೊಳೆಯದಿದ್ದರೂ ಅವನಿಗೆ ಹೊಳೆಯಬೇಕಿತ್ತು. ಹದಿನಾರನೇ ವಯಸ್ಸಿನಿಂದ ಮೂವತ್ತಮೂರರವರೆಗೆ ಆ ಗಾಳಿಯಿಂದಲೇ ಮನುಷ್ಯನಾದವನು. ಹಾಯಿದೋಣಿ ಪಂದ್ಯದಲ್ಲಿ ಎರಡು ಸಲ ದೇಶಕ್ಕೇ ಮೊದಲಿಗನಾಗಿದ್ದ. ಒಂದು ಸಲ ಹೊರದೇಶದ ದೊಡ್ಡ ಪಂದ್ಯದಲ್ಲಿ ಹನ್ನೊಂದನೆಯವನಾಗಿ ಬಂದಿದ್ದ. ಆಮೇಲೆ ದೋಣಿ ಮಾಡುವ ಪ್ಲೈವುಡ್ಡಿನಲ್ಲಿ ಬಾಗಿಲು ಮಾಡಹೋಗಿ, ಬಾಗಿಲು ಕೈ ಹಿಡಿಯಿತು. ಇಬ್ಬರು ಕೂರುವ ದೋಣಿಯಲ್ಲಿ ಕ್ಯಾಪ್ಟನ್ ಎಂಬ ಹುದ್ದೆಯೇ ಇಲ್ಲ ಎಂದು ಮೊದಮೊದಲು ಜನರನ್ನು ತಿದ್ದುತ್ತಿದ್ದ. ಈಗ ತಿದ್ದುವುದಿಲ್ಲ.

"ಪೂರ್ವದ ದಂಡೆಗೆ ಹಾಕಿದ್ರೆ?"

"ಆಗುತ್ತೆ ಸರ್, ನೀವು ಹೇಳಿದ್ಮೇಲೆ," ಅಂದ ಆರ್ಕಿಟೆಕ್ಟ್. "ಮಣ್ಣಿನ ಪರೀಕ್ಷೆ, ನಕ್ಷೆ, ಪರವಾನಗಿ, ಎಲ್ಲ ಮೊದಲಿಂದ. ಎರಡು ವರ್ಷ ಅಂದ್ಕೊಳ್ಳಿ. ಯಾಕೆ ಸರ್, ಏನು ತೊಂದರೆ?"

"ಗಾಳಿ."

"ಅದರ ಚಿಂತೆ ಬಿಡಿ ಸರ್. ಪ್ರತಿ ಮಹಡಿಗೂ ಎಸಿ ಇದೆ."

ಕ್ಯಾಪ್ಟನ್‌ಗೆ ನಗು ಬರಲಿಲ್ಲ. ದಾನಪತ್ರದ ಸಹಿಗೆ ಶುಕ್ರವಾರದವರೆಗೆ ಸಮಯ ಕೇಳಿ ಎದ್ದ.

ದೋಣಿ ಕ್ಲಬ್ಬಿನ ಶೆಡ್ಡಿನಲ್ಲಿ ಲಂಬು ನೆಲದ ತುಂಬ ಹಾಯಿ ಹರಡಿಕೊಂಡು, ಹರಿದ ಅಂಚಿಗೆ ದಪ್ಪ ಸೂಜಿಯಲ್ಲಿ ಹೊಲಿಗೆ ಹಾಕುತ್ತಿದ್ದ. ಹದಿನೈದು ವರ್ಷ ಇಬ್ಬರೂ ಒಂದೇ ದೋಣಿಯವರು. ಕ್ಯಾಪ್ಟನ್ ಚುಕ್ಕಾಣಿ ಹಿಡಿದರೆ, ಲಂಬು ಸೊಂಟಕ್ಕೆ ತಂತಿ ಸಿಕ್ಕಿಸಿಕೊಂಡು, ದೋಣಿಯ ಅಂಚಿನಿಂದ ಹೊರಗೆ ನೀರಿನ ಮೇಲೆ ಮಲಗಿದ ಹಾಗೆ ಬಾಗಿ, ತನ್ನ ಆರಡಿ ಮೂರಂಗುಲವನ್ನೂ ಹಾಕಿ ಅದು ಮಗುಚದಂತೆ ನೋಡಿಕೊಳ್ಳುತ್ತಿದ್ದ. ಒಬ್ಬ ಬಾಗಿಲು ಮಾರಲು ಹೋದ. ಇನ್ನೊಬ್ಬ ಇಲ್ಲೇ ಉಳಿದು ಮಕ್ಕಳಿಗೆ ಕಲಿಸುವವನಾದ.

"ಬಾರಪ್ಪ ಧರ್ಮಪ್ರಭು. ಕಡೆಗೂ ಗೊತ್ತಾಯ್ತಾ?"

"ಏನು?"

"ನಾಟಕ ಬೇಡ. ಆ ಸಂದಲ್ಲಿ ಸುಣ್ಣದ ಗೆರೆ ಎಳೆದ ದಿನಾನೇ ನನಗೆ ಗೊತ್ತಾಗಿತ್ತು. ನಿನಗೆ ಯಾವತ್ತು ಗೊತ್ತಾಗುತ್ತೋ ನೋಡೋಣ ಅಂತ ಕೂತಿದ್ದೆ."

"ಬಂದು ಹೇಳಬಾರದಿತ್ತೇನೋ?"

"ಆಸ್ಪತ್ರೆ ಕಟ್ಟಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ? ಎತ್ತರ ಎಷ್ಟು?"

"ಮೂವತ್ತನಾಲ್ಕು ಮೀಟರ್."

ಲಂಬು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದ. "ಎತ್ತರದ ಹತ್ತು ಪಟ್ಟು ದೂರ ಸತ್ತ ಗಾಳಿ. ಅದರಾಚೆ ಇನ್ನೈದು ಪಟ್ಟು ಹುಚ್ಚು ಗಾಳಿ, ಆ ಕಡೆಯಿಂದ ಒಂದೇಟು, ಈ ಕಡೆಯಿಂದ ಒಂದೇಟು. ಒಂಬೈನೂರು ಮೀಟರ್ ಕೆರೇಲಿ ನನಗೆ ಉಳಿಯೋದು ನಾನೂರು. ಅಷ್ಟರಲ್ಲಿ ಮಕ್ಕಳು ತಿರುಗಿಸೋದು ಕಲೀಬಹುದು ಕಣೋ, ಓಡಿಸೋದು ಕಲಿಯೋಕಾಗಲ್ಲ."

"ಪೂರ್ವಕ್ಕೆ ಹಾಕಿ ಅಂದ್ರೆ ಹಾಕ್ತಾರೆ. ಎರಡು ವರ್ಷ ತಡ."

"ಎರಡೇ ವರ್ಷ ತಾನೇ? ಗಾಳಿ ಹೋದ್ರೆ ಹೋಯ್ತು. ಅದನ್ನ ಮಾಡೋ ಕಾರ್ಖಾನೆ ಇದೆಯಾ ನಿನ್ನ ಹತ್ರ?" ಸೂಜಿಗೆ ಮತ್ತೆ ದಾರ ಪೋಣಿಸಲು ಹೋಗಿ, ಕಣ್ಣಿಗೆ ಕಾಣದೆ, ಲಂಬು ಅದನ್ನು ಇವನತ್ತ ಚಾಚಿದ. ಕ್ಯಾಪ್ಟನ್ ತನ್ನ ಕನ್ನಡಕ ತೆಗೆದುಕೊಟ್ಟ. ಲಂಬು ಅದನ್ನು ಹಾಕಿಕೊಂಡ. "ಹೇಳಿಬಿಡು. ಈ ಊರಲ್ಲಿ ನಿನ್ನ ಮಾತಿಗೆ ಇಲ್ಲ ಅನ್ನೋರು ಯಾರಿದ್ದಾರೆ?"

"ನೀನೊಬ್ಬ ಇದೀಯ."

"ನನ್ನ ಯಾರು ಕೇಳ್ತಾರೆ ಬಿಡು."

ಎರಡು ಮಾತೂ ನಿಜವೇ. ಇಪ್ಪತ್ತು ವರ್ಷದಿಂದ ಕ್ಯಾಪ್ಟನ್ ಕೊಡುತ್ತ ಬಂದಿದ್ದ. ವಾಚನಾಲಯ, ಎರಡು ಉದ್ಯಾನ, ಬಸ್ ನಿಲ್ದಾಣದ ಶೌಚಾಲಯ. ಬಾಗಿಲಿನ ಕಾರ್ಖಾನೆ ಮಗಳ ಕೈಗೆ ಹೋದ ಮೇಲೆ ಅವನಿಗೆ ಉಳಿದದ್ದು ಕಮಿಟಿಗಳು ಮತ್ತು ರಿಬ್ಬನ್ನುಗಳು. ಮೊದಲು ಜನ ಅವನೊಡನೆ ವಾದ ಮಾಡುತ್ತಿದ್ದರು. ಯಾವಾಗ ನಿಲ್ಲಿಸಿದರೋ ಗೊತ್ತಾಗಲಿಲ್ಲ. ಯಾವ ಕೋಣೆಗೆ ಹೋದರೂ ಅವನ ಮಾತು ಮುಗಿಯುವ ಮೊದಲೇ ತಲೆಗಳು ಆಡುತ್ತಿದ್ದವು. ಆ ತಲೆಯಾಟದ ನಡುವೆ ಕೂತು ಕೂತು ಅವನಿಗೆ ಮೈಯೆಲ್ಲ ಭಾರವಾಗಿತ್ತು.

ಶುಕ್ರವಾರ ಬೆಳಗ್ಗೆ ತಿಂಡಿಗೆ ಕೂತಾಗ ಹೆಂಡತಿ ಕೇಳಿದಳು. "ಏನ್ರೀ, ಚಮಚದಲ್ಲಿ ತಟ್ಟೆ ಮೇಲೆ ನಕ್ಷೆ ಬರೀತಾ ಇದೀರ?"

"ಸುಸ್ತು ಕಣೇ."

"ಸುಸ್ತಾದೋರು ಮಲಗ್ತಾರೆ. ನೀವು ಇನ್ನೊಂದು ಕಟ್ಟಡಕ್ಕೆ ಹೂಂ ಅಂತೀರ. ದರ್ಜಿ ಕೆಲಸ ಹಿಡಿದಿದ್ರೆ ಇಷ್ಟು ರಿಬ್ಬನ್ ಕತ್ತರಿಸಿದ ಕೈಗೆ ನಾಲ್ಕು ಅಂಗಿಯಾದ್ರೂ ಆಗ್ತಿತ್ತು."

ಆಸ್ಪತ್ರೆಗೆ ಅರ್ಧ ಗಂಟೆ ಮೊದಲೇ ಹೋದ. ಡಾಕ್ಟರಮ್ಮನ ಕೋಣೆಗೆ ಹೋಗುವ ಹಾದಿಯಲ್ಲೇ ಡಯಾಲಿಸಿಸ್ ವಾರ್ಡು. ಹನ್ನೊಂದು ಮೆಷೀನು, ಮೂರು ಪಾಳಿ. ಎರಡನೇ ಪಾಳಿಯವರು ಹೊರಗಿನ ಬೆಂಚಿನಲ್ಲಿ ತಮ್ಮ ತಮ್ಮ ಹೊದಿಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೊಸ ಬ್ಲಾಕಿನಲ್ಲಿ ನಲವತ್ತು ಮೆಷೀನು ಬರುವುದಿತ್ತು. ಬೆಂಚಿನ ತುದಿಯಲ್ಲಿದ್ದ ಹೆಂಗಸು ಅವನನ್ನೂ ರೋಗಿ ಎಂದುಕೊಂಡು ಸರಿದು ಜಾಗ ಮಾಡಿದಳು. ಬೇಡ ಅನ್ನಲಾಗದೆ ಎರಡು ನಿಮಿಷ ಕೂತ.

"ಮೊದಲ ಸಲಾನಾ?" ಎಂದಳು ಅವಳು.

"ಹೂಂ."

"ಏನೂ ಆಗಲ್ಲ. ಕಾಯೋದೇ ಕಷ್ಟ."

ಒಳಗೆ ಡಾಕ್ಟರಮ್ಮ ಕಾಗದಗಳನ್ನು ಜೋಡಿಸಿಟ್ಟಿದ್ದರು. ಅವನು ಪೆನ್ನು ತೆಗೆಯಲಿಲ್ಲ.

"ಮೇಡಂ, ಪೂರ್ವದ ದಂಡೆಗೆ ಬದಲಾಯಿಸಿ ಅಂದ್ರೆ ಏನಂತೀರಿ?"

"ಆಯ್ತು ಸರ್ ಅಂತೀನಿ. ಕೊಡೋರು ನೀವು. ಬೇಡ ಅನ್ನೋಕೆ ನಾನ್ಯಾರು?"

"ನಿಜ ಹೇಳಿ."

"ನಿಜಾನೇ ಹೇಳ್ತಿದೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಪಾಳಿ ಮುಗಿಸಿದವರ ದನಿಯಾಗಿತ್ತು. "ನಿಮಗೆ ಆಯ್ತು ಅಂದು, ನೀವು ಹೋದ್ಮೇಲೆ ಪಟ್ಟೀಲಿ ಕಾಯ್ತಿರೋ ನೂರಾಹನ್ನೆರಡು ಜನಕ್ಕೆ ಫೋನ್ ಮಾಡಿಸಿ, ಎರಡು ವರ್ಷ ತಡ ಅಂತ ಹೇಳಿಸ್ತೀನಿ. ಅವರೂ ಆಯ್ತು ಅಂತಾರೆ. ಎರಡು ವರ್ಷ ಬಿಟ್ಟು, ಈಗ ಬನ್ನಿ ಅಂತ ಫೋನ್ ಮಾಡಿದಾಗ, ಎಷ್ಟೋ ಮನೇಲಿ ಬೇರೆಯವರು ಎತ್ತುತ್ತಾರೆ."

ಇಪ್ಪತ್ತು ವರ್ಷದಲ್ಲಿ ಮೇಜಿನ ಆಚೆ ಕೂತ ಯಾರೂ ಅವನಿಗೆ ಇಷ್ಟು ನೇರವಾಗಿ ಇಲ್ಲ ಅಂದಿರಲಿಲ್ಲ.

"ಕಾರಣ ಏನು ಸರ್?" ಎಂದು ಡಾಕ್ಟರಮ್ಮ ಕೇಳಿದರು.

ದೋಣಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. "ಏನಿಲ್ಲ. ಸುಮ್ಮನೆ ಕೇಳಿದೆ," ಅಂದ. ಹದಿನೇಳು ಕಡೆ ಸಹಿ ಹಾಕಬೇಕಿತ್ತು. ಪ್ರತಿ ಹಾಳೆಯ ಮೂಲೆಯನ್ನೂ ಡಾಕ್ಟರಮ್ಮ ಬೆರಳಲ್ಲಿ ಒತ್ತಿ ಹಿಡಿದರು. ಅವನು ಒಂದೊಂದಕ್ಕೂ ಪೂರ್ತಿ ಹೆಸರು ಬರೆದ.

ಲಂಬು ಶೆಡ್ಡಿನ ಹೊರಗೆ ದೋಣಿಯ ತಳ ಉಜ್ಜುತ್ತಿದ್ದ. ಕಾರಿನಿಂದ ಇಳಿದವನ ನಡಿಗೆ ನೋಡಿಯೇ ಉಜ್ಜುವುದನ್ನು ನಿಲ್ಲಿಸಿದ.

"ಹಾಕಿಬಿಟ್ಟೆ," ಅಂದ ಕ್ಯಾಪ್ಟನ್.

ಲಂಬು ಕೈಯಲ್ಲಿದ್ದ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿ, ಕೊಡವಿ, ನೋಡಿ, ಮತ್ತೆ ಅದ್ದಿದ. ತುಂಬ ಹೊತ್ತು ಅದನ್ನೇ ಮಾಡಿದ. ಆಮೇಲೆ ಒಳಗೆ ಹೋಗಿ ಎರಡು ಜೊತೆ ಹುಟ್ಟು ತಂದು ಒಂದನ್ನು ಇವನ ಎದೆಗೆ ಒತ್ತಿದ. "ಬೂಟು ಬಿಚ್ಚಿ ಬಾ."

ಪಂದ್ಯದ ದೋಣಿಗಳು ಸುತ್ತು ಹಾಕಿ ಹಿಂದಿರುಗುವ ಜಾಗದಲ್ಲಿ, ಪಶ್ಚಿಮದ ದಂಡೆಯ ಹತ್ತಿರ, ಕಿತ್ತಳೆ ಬಣ್ಣದ ಡ್ರಮ್ಮೊಂದು ತೇಲುತ್ತಿತ್ತು. ಇಬ್ಬರೂ ಎದುರುಗಾಳಿಯಲ್ಲಿ ಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಕ್ಯಾಪ್ಟನ್‌ನ ಅಂಗೈ ಸುಲಿದಿತ್ತು. ಲಂಬು ಡ್ರಮ್ಮಿನ ಹಗ್ಗ ಹಿಡಿದು ಲಂಗರು ಎಳೆಯತೊಡಗಿದ.

"ಈಗಲೇ ಯಾಕೋ? ಕಟ್ಟಡ ಏಳೋಕೆ ಇನ್ನೂ ಒಂದೂವರೆ ವರ್ಷ ಇದೆ."

"ಈಗಿಂದ ಇಷ್ಟೇ ಕೆರೆ ಅಂತ ಮಕ್ಕಳು ಕಲೀಲಿ. ಇದ್ದದ್ದು ಹೋಯ್ತು ಅಂತ ಆಮೇಲೆ ಅಳೋದು ಬೇಡ." ಹಗ್ಗ ಬರಲಿಲ್ಲ. "ಏನು ನೋಡ್ತೀಯ, ಹಿಡಿ ಆ ಕಡೆ."

ಇಬ್ಬರೂ ಎಳೆದರು. ಜೊಂಡು, ಕೆಸರು ಹೊತ್ತುಕೊಂಡು ಲಂಗರು ಮೇಲೆ ಬಂತು. ಅದನ್ನು ದೋಣಿಯೊಳಗೆ ಹಾಕಿಕೊಂಡು, ಡ್ರಮ್ಮನ್ನು ಹಿಂದೆ ಕಟ್ಟಿಕೊಂಡು ಪೂರ್ವಕ್ಕೆ ತಿರುಗಿದರು. ಕ್ಯಾಪ್ಟನ್ ಹುಟ್ಟಿನ ಏಟು ಎಣಿಸಿದ. ಲಂಬು ದಂಡೆಯ ಮೇಲಿನ ಗುರುತುಗಳನ್ನು ನೋಡುತ್ತಿದ್ದ. ಕೆರೆಯ ಅರ್ಧ ದಾಟಿ ಇನ್ನಷ್ಟು ಮುಂದೆ ಬಂದ ಮೇಲೆ ಅವನು ಕೈ ಎತ್ತಿದ.

"ಇಲ್ಲಿ."

ಲಂಗರು ಬಿಟ್ಟರು. ಹಗ್ಗ ಇಬ್ಬರ ಕೈಯಿಂದಲೂ ಜಾರಿ ಇಳಿಯಿತು. ಡ್ರಮ್ಮಿನ ಆಚೆ, ಬಿಟ್ಟು ಬಂದ ನೀರಿನ ಮೇಲೆ, ಗುಡ್ಡಗಳ ಸಂದಿನಿಂದ ಗಾಳಿ ಕಪ್ಪು ಕಪ್ಪು ತೇಪೆಯಾಗಿ ಇನ್ನೂ ಓಡಿ ಬರುತ್ತಿತ್ತು. ಅದು ಬಂದು ತಾಗಿದಾಗ ಡ್ರಮ್ಮು ಒಂದು ಮಗ್ಗುಲಿಗೆ ವಾಲಿ, ಹಗ್ಗ ಬಿಗಿಯುವಷ್ಟು ದೂರ ಸರಿದು ನಿಂತಿತು.