ಕಾಲ್ಬೆರಳು ಮೂಕವಾದ ಮೇಲೆ

ತೆಪ್ಪಕಾಡಿನ ಆನೆ ಶಿಬಿರದ ಮಾವುತ ಶಿವನ್‌ಗೆ ಮಾತು ಕಡಿಮೆ. ಮಾತು ಬೇಕಾಗಿಯೂ ಇರಲಿಲ್ಲ ಅನ್ನಿ. ತನ್ನ ಆನೆ ರೋಹಿಣಿಯ ಕುತ್ತಿಗೆಯ ಮೇಲೆ ಕೂತು ಕಿವಿಯ ಹಿಂದೆ ಕಾಲ್ಬೆರಳು ಒತ್ತಿದರೆ ಸಾಕು, ಅವಳು ತಿರುಗುವಳು, ನಿಲ್ಲುವಳು, ಮಲಗುವಳು. ಅವಳ ಹೆಗಲ ಮೂಳೆ ಎದ್ದಿಳಿಯುವುದೂ ಅವನಿಗೆ ತಿಳಿಯುತ್ತಿದ್ದುದು ಅದೇ ಬೆರಳಿನಿಂದ. ಕಣ್ಣು ಕಟ್ಟಿದರೂ ಆನೆಯ ನಾಲ್ಕು ಕಾಲು ಎಲ್ಲೆಲ್ಲಿವೆ ಅಂತ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ಮನುಷ್ಯ.

ಈಗ ತನ್ನ ಎರಡು ಕಾಲು ಎಲ್ಲಿವೆ ಅಂತಲೇ ಅವನಿಗೆ ತಿಳಿಯುತ್ತಿರಲಿಲ್ಲ.

ಮಳೆ ಹಿಡಿದಾಗ ಹೆಬ್ಬೆರಳಲ್ಲಿ ಶುರುವಾದ ಜೋಮು ಬಿಡಲೇ ಇಲ್ಲ. ಒಂದು ಸಂಜೆ ಒಲೆ ಮುಂದೆ ಕೂತಿದ್ದಾಗ ಸುಟ್ಟ ವಾಸನೆ ಬಂತು. "ಏನ್ ಸೀಯಿಸ್ತಿದೀಯ ಕುಂಜಿ?" ಎಂದು ಹೆಂಡತಿಯನ್ನೇ ಗದರಿದ. ಕುಂಜಿ ತಿರುಗಿ ನೋಡಿ ಕಿರುಚಿದಳು. ಕೆಂಡದ ಮೇಲಿದ್ದುದು ಅವನದೇ ಹಿಮ್ಮಡಿ.

"ಗೂಡಲೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸು" ಎಂದು ಅವಳು ಅಂಗಲಾಚಿದಳು.

"ಯಾರ ಹತ್ರಾನೂ ಬಾಯ್ಬಿಡಬೇಡ. ಗೊತ್ತಾದ್ರೆ ನನ್ನ ಕೆಳಗಿಳಿಸ್ತಾರೆ."

ಇಳಿಸಿದರೆ ಶಿಬಿರದಲ್ಲಿ ಬೇರೆ ಕೆಲಸವೇನೋ ಸಿಗುತ್ತಿತ್ತು. ಆದರೆ ರೋಹಿಣಿಯ ಮೇಲೆ ಇನ್ನೊಬ್ಬ ಕೂರುವುದನ್ನು ಅವನಿಂದ ನೆನೆಯಲೂ ಆಗುತ್ತಿರಲಿಲ್ಲ. ಹಾಗಾಗಿ ಕಾಲಿನ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ. ಬಗ್ಗಿ ಪಾದ ನೋಡಿಕೊಂಡು ಒತ್ತುವನು, ಆನೆ ತಿರುಗುವುದು, ಸದ್ಯ ಎಂದುಕೊಳ್ಳುವನು. ಮಲಗಿ ಕಂಬಳಿ ಹೊದ್ದರೆ ಮಾತ್ರ ಮೊಣಕಾಲಿನ ಕೆಳಗೆ ಏನೂ ಇರುತ್ತಿರಲಿಲ್ಲ. ಗಾಬರಿಯಿಂದ ಕಂಬಳಿ ಸರಿಸಿದರೆ, ಯಾರದೋ ಎರಡು ಪಾದ ಬಂದು ತನಗೆ ಅಂಟಿಕೊಂಡು ಮಲಗಿವೆ ಅನ್ನಿಸುತ್ತಿತ್ತು.

ಆವತ್ತು ಬೆಳಿಗ್ಗೆ ಮೊಯಾರ್ ಹೊಳೆ ಕೆಂಪಾಗಿ, ಜೋರಾಗಿ ಹರಿಯುತ್ತಿತ್ತು. ರೋಹಿಣಿಯನ್ನು ಮಂಡಿಯುದ್ದ ನೀರಲ್ಲಿ ನಿಲ್ಲಿಸಿ ಶಿವನ್ ಮೇಲೆಯೇ ಕೂತಿದ್ದ. ಮಗಳು ದೀಪಾಳ ಗಂಡ ಮುರುಗನ್ ಅವನ ಕಾವಡಿ; ಆನೆಗೆ ಸೊಪ್ಪು ತರುವುದು, ಮೈ ತೊಳೆಯುವುದು ಅವನ ಪಾಲು. ಅವನು ಬಲಮಗ್ಗುಲಲ್ಲಿ ಬಗ್ಗಿ, ಆನೆಯ ಹೊಟ್ಟೆಯ ಕೆಳಗೆ ತೆಂಗಿನ ನಾರಿನಿಂದ ಉಜ್ಜುತ್ತಿದ್ದ.

ಶಿವನ್ ನೀರನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ನೀರು ನಿಂತಿತು, ಆನೆ ಹೊರಟಿತು. ಹರಿಯುವ ನೀರಿನ ಈ ಮೋಸ ಮಾವುತರಿಗೆ ಹೊಸದಲ್ಲ. ಹೆಗಲ ಮೂಳೆ ಅಲುಗುತ್ತಿಲ್ಲ ಎಂದು ಬೆರಳು ಹೇಳಿದೊಡನೆ ಆ ಭ್ರಮೆ ಬಿಟ್ಟುಹೋಗುತ್ತದೆ. ಅವನು ಬೆರಳನ್ನು ಕೇಳಿದ. ಬೆರಳು ಏನೂ ಹೇಳಲಿಲ್ಲ. ಆನೆ ಹರಿವಿಗೆ ಎದುರಾಗಿ ನಡೆಯುತ್ತಲೇ ಇತ್ತು, ಇನ್ನೂ ಜೋರಾಗಿ, ಸದ್ದಿಲ್ಲದೆ. ಮುರುಗನ್ ಕಾಲಡಿಗೆ ಸಿಕ್ಕಿಬಿಡುತ್ತಾನೆ! ನಿಲ್ಲು ಎಂದು ಒತ್ತಿದ. ನಿಲ್ಲಲಿಲ್ಲ. ಮತ್ತೆ ಒತ್ತಿ, ಕೆಳಗೆ ನೋಡಿದ.

ಅವನ ಬಲಗಾಲು ತನ್ನಷ್ಟಕ್ಕೆ ತಾನೇ ಕಿವಿಯ ಹಿಂದೆ ಕುಟ್ಟುತ್ತಿತ್ತು. ಅದು ನಿಲ್ಲುವ ಸನ್ನೆಯಲ್ಲ. ಬಲಮಗ್ಗುಲಿಗೆ ಮಲಗು ಎಂಬ ಸನ್ನೆ.

"ಮುರುಗಾ! ಆಚೆ ಹೋಗೋ!"

ಮುರುಗನ್ ತಲೆಯೆತ್ತಿದ. ಹೆದರಿದಂತೆ ಕಾಣಲಿಲ್ಲ. ರೋಹಿಣಿ ಬಂಡೆಯಂತೆ ನಿಂತಿದ್ದಳು. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅವಳ ಕಿವಿಗಳೆರಡೂ ಹಿಂದಕ್ಕೆ ಮಡಚಿಕೊಂಡು ಶಿವನ್‌ನ ಪಾದಗಳನ್ನು ಒತ್ತಿ ಹಿಡಿದವು. ಕುಟ್ಟುತ್ತಿದ್ದ ಕಾಲು ಅಲ್ಲಿಗೆ ನಿಂತಿತು. ಹಿಡಿದದ್ದು ಅವನ ಕಣ್ಣಿಗೆ ಕಾಣಿಸಿತೇ ಹೊರತು ಕಾಲಿಗೆ ತಿಳಿಯಲಿಲ್ಲ.

"ಅವ್ಳು ಮಲಗಲ್ಲ ಮಾವ" ಎಂದ ಮುರುಗನ್, ಮುಖ ನೋಡಲಾಗದೆ. "ಮಳೆ ಹಿಡಿದಾಗಿಂದ್ಲೂ ಹಿಂಗೇ. ನಿಮ್ ಕಾಲು ಏನೇನೋ ಹೇಳುತ್ತೆ. ಅವ್ಳು ಅದನ್ನ ಬಿಟ್ಟು ನನ್ನ ಕೈ ನೋಡ್ಕೊಂಡು ನಡೀತಾಳೆ."

"ದಿನಾಲೂನಾ?"

"ದಿನಾಲೂ, ಮಾವ."

ಶಿವನ್‌ಗೆ ಒಂದೊಂದೇ ನೆನಪಾಯಿತು. ಸಲಗ ಅಡ್ಡ ಬಂದ ದಿನ ತಾನು ತಿರುಗಿಸಿ ಪಾರಾದದ್ದು, ಜಾರುವ ದಡದಲ್ಲಿ ತಾನು ತಡೆದು ಇಳಿಸಿದ್ದು, ಯಾವುದೂ ತಾನು ಮಾಡಿದ್ದಲ್ಲ. ಕುತ್ತಿಗೆಯ ಮೇಲೆ ಕೂತಿದ್ದದ್ದು ಒಂದು ಮೂಟೆ. ಆ ಮೂಟೆ ಬೀಳದಂತೆ ಅವಳು ಇಷ್ಟು ದಿನ ಹೊತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಬಗ್ಗಿ, ಎರಡೂ ಕೈಯಿಂದ ತನ್ನ ಪಾದಗಳನ್ನು ಅವಳ ಕಿವಿಯಡಿಯಿಂದ ಒಂದೊಂದಾಗಿ ಎಳೆದು ತೆಗೆದ. ಅವಳು ಸುಲಭಕ್ಕೆ ಬಿಡಲಿಲ್ಲ.

"ಅವಳನ್ನ ಕೂರಿಸು ಮುರುಗಾ" ಎಂದ. "ನಾನು ಇಳೀತೀನಿ."