ಸೂಗಮ್ಮ ಕೇಳದ ಮಾತು

ಯಾದಗಿರಿಯ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಸೂಗಮ್ಮನ ಬಾಗಿಲಿಗೆ ಬಂದು ಬಾಡಿಗೆಗೆ ಮನೆ ಇದೆಯೇ ಎಂದು ಕೇಳಿದವರಿಗೆ ಇದೆ ಎಂಬ ಉತ್ತರವಾಗಲಿ ಇಲ್ಲ ಎಂಬ ಉತ್ತರವಾಗಲಿ ಇದುವರೆಗೆ ನೇರವಾಗಿ ಸಿಕ್ಕಿಲ್ಲ. ಸಿಗುವುದು ಪ್ರಶ್ನೆ. ಆಕೆ ತಲೆಯನ್ನು ಎಡಕ್ಕೆ ಕೊಂಚ ವಾಲಿಸಿ, ಬಲಗಿವಿಯನ್ನು ಮುಂದೆ ಮಾಡಿ, ಬಂದವರ ಮುಖವನ್ನು ಬಿಟ್ಟು ಕೈಯಲ್ಲಿರುವ ಚೀಲವನ್ನು ನೋಡುತ್ತ ಆರಂಭಿಸುತ್ತಾಳೆ: ಯಾವ ಊರು, ಆ ಊರಿನ ಬಾವಿಯ ನೀರು ಸಿಹಿಯೋ ಸವಳೋ, ಇನ್ನೂ ಜೋಳ ಬಿತ್ತುತ್ತಾರೋ ಎಲ್ಲ ಹತ್ತಿಯೇ ಆಯಿತೋ, ಪುಂಡಿಪಲ್ಯಕ್ಕೆ ಯಾವ ಬೇಳೆ ಹಾಕುತ್ತಾರೆ, ತಾಯಿಯ ತವರು ಎಲ್ಲಿ, ಬಸ್ಸಿನಲ್ಲಿ ಬಂದದ್ದೋ ರೈಲಿನಲ್ಲೋ, ಕೂರಲು ಜಾಗ ಸಿಕ್ಕಿತ್ತೋ ಇಲ್ಲವೋ. ಒಂದೊಂದು ಉತ್ತರಕ್ಕೂ ‘ಹಾಂ, ಮುಂದ?’ ಎಂಬ ತಗಾದೆ. ಬಿಸಿಲಲ್ಲಿ ನಿಂತವನು ಬೆವರು ಒರೆಸಿಕೊಳ್ಳುತ್ತ, ತಾನು ಬಂದ ಕೆಲಸವನ್ನೇ ಮರೆಯುವ ಹೊತ್ತಿಗೆ ಆಕೆ ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು, ಒಳಗೆ ಬಂದು ನೀರು ಕುಡಿಯುವಂತೆ ಹೇಳುತ್ತಾಳೆ. ಮನೆ ಸಿಕ್ಕಿತೆಂದು ಅದರಿಂದಲೇ ತಿಳಿದುಕೊಳ್ಳಬೇಕು.

ವಯಸ್ಸು ಅರವತ್ತಾರು. ಎಡ ಮಂಡಿ ಊದಿಕೊಂಡಿದೆ. ಆ ಕಾಲು ನಿಧಾನವಾಗಿ ಬರುತ್ತೇನೆ ಎನ್ನುತ್ತದೆ, ಬಲಗಾಲಿಗೆ ಮಾತ್ರ ಯಾವಾಗಲೂ ಅವಸರ, ಹೀಗಾಗಿ ಆಕೆಯ ನಡಿಗೆಯಲ್ಲಿ ಎರಡು ಮನಸ್ಸುಗಳ ಜಗಳ ನಡೆದಂತೆ ಕಾಣುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮುಂಜಾನೆ ಹೊತ್ತು ಸೀರೆಯ ಮೇಲೊಂದು ಕಡುನೀಲಿ ಉಣ್ಣೆಯ ಕೋಟು ಇರುತ್ತದೆ. ಅದು ರೈಲ್ವೆ ಗೇಟು ಕಾಯುತ್ತಿದ್ದ ಗಂಡ ಸಂಗಮನಾಥನದು. ಅವನು ತೀರಿಕೊಂಡು ಹದಿನೇಳು ವರ್ಷವಾದರೂ ಕೋಟಿನ ಹಿತ್ತಾಳೆಯ ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುವುದನ್ನು ಆಕೆ ಬಿಟ್ಟಿಲ್ಲ. ಎರಡು ಸಲ ಮಡಿಚಿದ ತೋಳುಗಳಿಂದ ಹೊರಬರುವ ಆ ಸಣ್ಣ ಕೈಗಳನ್ನು ನೋಡಿದವರಿಗೆ ಯಾರದೋ ದೊಡ್ಡ ಮನೆಯೊಳಗೆ ಒಬ್ಬ ಸಣ್ಣ ಹೆಂಗಸು ವಾಸ ಮಾಡುತ್ತಿರುವ ಹಾಗೆ ಅನ್ನಿಸುತ್ತದೆ.

ಯಾದಗಿರಿ ಜಿಲ್ಲೆಯಾಗುವ ಮೊದಲು ಆ ಓಣಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಇರಲಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ಗೊತ್ತಿರುವವರ ನಡುವೆ ಸೂಗಮ್ಮ ಮೂವತ್ತೈದು ವರ್ಷ ಹಸಿದುಕೊಂಡೇ ಕಳೆದಿದ್ದಳು ಎನ್ನಬೇಕು. ಆಕೆ ಕಂಡ ಅತಿ ದೂರದ ಊರು ವಾಡಿ ಜಂಕ್ಷನ್. ಗೇಟಿನ ಪಕ್ಕದ ಕಟ್ಟೆಯ ಮೇಲೆ ಗಂಡನ ಜೊತೆ ಕುಳಿತು, ಮುಂಬೈಗೂ ಮದ್ರಾಸಿಗೂ ಓಡುವ ಗಾಡಿಗಳ ಕಿಟಕಿಗಳಲ್ಲಿ ಮುಖಗಳು ಸರಿದುಹೋಗುವುದನ್ನು ನೋಡಿ, ಅವರೆಲ್ಲ ಯಾರು, ಯಾಕೆ ಹೊರಟಿದ್ದಾರೆ ಎಂದು ಗಂಡನನ್ನು ಪೀಡಿಸುತ್ತಿದ್ದಳಂತೆ. ಜಿಲ್ಲೆಯಾದ ಮೇಲೆ ಆ ಮುಖಗಳು ಗಾಡಿಯಿಂದ ಇಳಿಯತೊಡಗಿದವು. ಕಬ್ಬಿಣದ ಟ್ರಂಕು, ಹಾಸಿಗೆಯ ಸುರುಳಿ, ಗ್ಯಾಸಿನ ಒಲೆ ಹೊತ್ತು ಗುಮಾಸ್ತರು, ದಾದಿಯರು, ಸರ್ವೆಯವರು, ಪರೀಕ್ಷೆಗೆ ಓದುವ ಹುಡುಗಿಯರು, ಕಟ್ಟಡದ ಕೆಲಸದವರು ಒಬ್ಬರ ಹಿಂದೊಬ್ಬರಂತೆ ಓಣಿಗೆ ಬಂದರು. ಓಣಿಯ ಉಳಿದವರು, ಹೊರಗಿನ ಮಂದಿ ಹೆಚ್ಚಾದರು, ಚರಂಡಿ ತುಂಬಿತು, ಆಟೋಗಳ ಸದ್ದಿಗೆ ಮಧ್ಯಾಹ್ನದ ನಿದ್ದೆ ಹೋಯಿತು ಎಂದು ಗೊಣಗುತ್ತಿದ್ದಾಗ, ಸೂಗಮ್ಮ ದನದ ಕೊಟ್ಟಿಗೆಯನ್ನು ಎರಡು ಕೋಣೆ ಮಾಡಿಸಿದಳು, ಕಟ್ಟಿಗೆ ಒಟ್ಟುತ್ತಿದ್ದ ಜಾಗಕ್ಕೆ ಬಾಗಿಲು ಇಡಿಸಿದಳು, ಮಾಳಿಗೆಯ ಮೇಲೆ ತಗಡು ಹೊದಿಸಿ ಇನ್ನೊಂದು ಕೋಣೆ ಎಬ್ಬಿಸಿದಳು.

ಮುಂಜಾನೆ ಏಳಕ್ಕೆ ನಾಲ್ಕೂ ಕೋಣೆಗಳಿಂದ ನಾಲ್ಕು ಬಗೆಯ ಒಗ್ಗರಣೆಯ ವಾಸನೆ ಏಳುತ್ತದೆ. ಸೂಗಮ್ಮ ಅಂಗಳದಲ್ಲಿ ಪರಸಿ ಕಲ್ಲಿನ ಚಪ್ಪಡಿಯ ಮೇಲೆ ಕುಳಿತು, ಇದು ಸುರಪುರ ಕಡೆಯದು, ಇದು ಗುರುಮಠಕಲ್ ಕಡೆಯದು, ಹುಣಸೆ ಜಾಸ್ತಿ ಎಂದು ಮೂಗಿನಿಂದಲೇ ಭೂಗೋಳ ಓದುತ್ತಾಳೆ. ಕೆಂಭಾವಿಯಿಂದ ಬಂದ ದಾದಿ ದಾನೇಶ್ವರಿ ಮೇಲಿನ ಕೋಣೆಯಲ್ಲಿ ಮೂರು ವರ್ಷ ಇದ್ದಳು. ಅವಳನ್ನು ಕೇಳಿ ಕೇಳಿ ಸೂಗಮ್ಮ ಕೆಂಭಾವಿಯ ಸಂತೆಯನ್ನು, ಅದರಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದರ ಸಮೇತ ಎಷ್ಟು ಕರಗತ ಮಾಡಿಕೊಂಡಿದ್ದಳೆಂದರೆ, ಒಮ್ಮೆ ದಾನೇಶ್ವರಿಯ ತಾಯಿ ಮಗಳನ್ನು ನೋಡಲು ಬಂದಾಗ, ಪಕ್ಕದ ಮನೆಯ ಎಮ್ಮೆ ಇನ್ನೂ ನಿಮ್ಮ ಹಿತ್ತಲಿಗೆ ಬರುತ್ತದೆಯೇ ಎಂದು ಮೊದಲ ಮಾತಿಗೇ ಕೇಳಿದಳು. ಆ ಹೆಂಗಸು ಗಾಬರಿಯಾಗಿ ಮಗಳ ಮುಖ ನೋಡಿದಳು.

ಇದೆಲ್ಲ ಎಲ್ಲರಿಗೂ ಸಹಿಸಲಾಗುತ್ತಿತ್ತು ಎಂದೇನಲ್ಲ. ಒಬ್ಬ ಸರ್ವೆಯವನು ಹದಿನೈದೇ ದಿನಕ್ಕೆ ಗಂಟುಮೂಟೆ ಕಟ್ಟಿದ. ತನ್ನ ಮದುವೆ ಯಾಕೆ ಮುರಿಯಿತೆಂದು ಪೊಲೀಸರೂ ಇಷ್ಟು ಕೇಳಿರಲಿಲ್ಲ ಎಂದು ಚಹಾದ ಅಂಗಡಿಯಲ್ಲಿ ಹೇಳಿಕೊಂಡನಂತೆ. ಆದರೆ ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ಆಕೆ ಹೇಳಿದ್ದಿಲ್ಲ. ಅದು ಸದ್ಗುಣವೆಂದಲ್ಲ, ಹೇಳುವುದಕ್ಕೆ ಆಕೆಗೆ ಪುರುಸೊತ್ತೇ ಇರಲಿಲ್ಲ, ಕೇಳುವುದೇ ಮುಗಿಯುತ್ತಿರಲಿಲ್ಲ.

ಇಷ್ಟು ಕೇಳುವ ಸೂಗಮ್ಮ ಒಂದು ಮಾತನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ. ಬೇರೆ ಮನೆಗಳಲ್ಲಿ ಅದೇ ಮೊದಲ ಪ್ರಶ್ನೆ, ಬಹಳ ಕಡೆ ಅದೇ ಕೊನೆಯದೂ ಹೌದು: ನೀವು ಯಾವ ಮಂದಿ? ಆಕೆ ಮರೆಯುತ್ತಾಳೆಂದು ಕೆಲವರು ತಿಳಿದಿದ್ದರು. ನೇರವಾಗಿ ಕೇಳದೆ ಬೇಳೆಯಿಂದ, ತಾಯಿಯ ತವರಿನಿಂದ ಜಾತಿಯ ಲೆಕ್ಕ ಹಾಕುತ್ತಾಳೆಂದು ಉಳಿದವರು ತಿಳಿದಿದ್ದರು.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಬುದ್ಧಪ್ರಿಯ ಬಂದ. ಶಹಾಪುರದ ಕಚೇರಿಯಿಂದ ಯಾದಗಿರಿಗೆ ವರ್ಗವಾದ ಗುಮಾಸ್ತ. ಹೆಂಡತಿ ಪರಿಮಳಾ ರಾಮಸಮುದ್ರದ ಶಾಲೆಯಲ್ಲಿ ಶಿಕ್ಷಕಿ. ಅದುವರೆಗೆ ಅವನು ಒಂಬತ್ತು ಮನೆಗಳನ್ನು ನೋಡಿಯಾಗಿತ್ತು. ಒಂಬತ್ತರಲ್ಲೂ ಅವನ ಹೆಸರು ಕೇಳಿದ ಮೇಲೆ ಮನೆ ಆಗಲೇ ಯಾರಿಗೋ ಕೊಟ್ಟದ್ದಾಗಿತ್ತು. ಕೊನೆಯದರಲ್ಲಂತೂ ಬಾಡಿಗೆಗೆ ಇದೆ ಎಂಬ ಹಲಗೆ ಅವನ ಕಣ್ಣೆದುರಿಗೇ ತೂಗುತ್ತಿತ್ತು. ಇನ್ನು ತಾನಾಗಿಯೇ ಮೊದಲು ಹೇಳಿಬಿಡಬೇಕೆಂದು ನಿಶ್ಚಯಿಸಿ ಬಂದವನನ್ನು ಸೂಗಮ್ಮ ಬಸ್ಸು, ಬಾವಿ, ಬೇಳೆಗಳಲ್ಲಿ ಕಾಲು ಗಂಟೆ ಸುತ್ತಾಡಿಸಿ, ಆಮೇಲೆ ಇಷ್ಟು ಚೆಂದದ ಹೆಸರನ್ನು ಇಟ್ಟವರು ಯಾರು ಎಂದು ಕೇಳಿದಳು.

ಬುದ್ಧಪ್ರಿಯ ನೆಟ್ಟಗೆ ನಿಂತ. "ನಮ್ಮ ಮುತ್ಯಾರಿ. ಅಮಾತೆಪ್ಪ ಅಂತ. ನಾಗಪುರಕ್ಕ ಹೋಗಿ ಬೌದ್ಧ ಆಗಿ ಬಂದಿದ್ದ. ನಾವು ದಲಿತ ಮಂದಿರಿ. ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಮಾತ ಬ್ಯಾಡ."

"ಹಾಂ, ಮುಂದ?" ಎಂದಳು ಸೂಗಮ್ಮ. "ನಾಗಪುರಕ್ಕ ಹ್ಯಾಂಗ ಹೋದ ತಮ್ಮಾ? ಯಾವ ಸ್ಟೇಷನ್ನಾಗ ಹತ್ತಿದ? ವಾಡಿಯಾಗ ಗಾಡಿ ಬದಲಿ ಮಾಡಿದ್ನೇನು?"

ಅವನಿಗೆ ಗೊತ್ತಿರಲಿಲ್ಲ. ಅಜ್ಜ ಮಾಡಿದ ಕೆಲಸ ಗೊತ್ತಿತ್ತು, ಅದರ ಹೆಮ್ಮೆ ಗೊತ್ತಿತ್ತು. ಹೋದ ದಾರಿ ಯಾವುದೆಂದು ಅವನು ಯಾರನ್ನೂ ಕೇಳಿರಲಿಲ್ಲ. ತಂದೆಯನ್ನು ಕೇಳಿ ಬಂದು ತನಗೆ ಹೇಳಬೇಕೆಂದು ತಾಕೀತು ಮಾಡಿ ಸೂಗಮ್ಮ ಕೊಟ್ಟಿಗೆಯ ಮೊದಲ ಕೋಣೆಯ ಬೀಗ ತೆಗೆದಳು.

ನಾಲ್ಕನೆಯ ದಿನ ಮೈದುನ ಮಲ್ಲಣ್ಣ ಬಂದ. ಅದೇ ಹಳೆಯ ಮನೆಯ ಇನ್ನೊಂದು ಪಾಲಿನಲ್ಲಿ ಇರುವವನು, ಕಾಳುಕಡಿಯ ವ್ಯಾಪಾರಿ, ಅತ್ತಿಗೆಯ ಎದುರು ಎಂದೂ ದನಿ ಎತ್ತಿದವನಲ್ಲ. ಅಂಗಳವೂ ಅಂಗಳದ ಬಾವಿಯೂ ಇಬ್ಬರಿಗೂ ಕೂಡಿಯೇ ಇದ್ದವು. ಅವನ ಮಗಳ ಮದುವೆಯ ಮಾತುಕತೆ ನಡೆದಿತ್ತು. ಬೀಗರು ಬಂದು ಬಾವಿಯ ಹತ್ತಿರ ಯಾರು ನೀರು ಸೇದುತ್ತಾರೆಂದು ನೋಡುವ ಕಾಲ. ಅದನ್ನೆಲ್ಲ ಅವನು ಸಂಕೋಚದಿಂದಲೇ ಹೇಳಿದ. ಕೊನೆಗೆ, "ವೈನಿ, ಊರ ಮಂದೀಗೆ ಎಲ್ಲಾ ಕೇಳ್ತೀರಿ. ಅದೊಂದ ಮಾತ ಯಾಕ ಕೇಳೂದಿಲ್ಲ ನೀವು?" ಎಂದ.

ಸೂಗಮ್ಮ ಅಂದು ಮೊದಲ ಬಾರಿಗೆ ಯಾರಿಗೂ ಹೇಳದ್ದನ್ನು ಹೇಳಿದಳು. ಜಿಲ್ಲೆಯಾದ ಮೊದಲ ವರ್ಷ, ಇನ್ನೂ ಒಂದೇ ಕೋಣೆ ಬಾಡಿಗೆಗೆ ಇದ್ದಾಗ, ಒಬ್ಬ ಹೆಂಗಸು ಕೌದಿಯಲ್ಲಿ ಹಸುಗೂಸನ್ನು ಸುತ್ತಿಕೊಂಡು, ಪಕ್ಕದಲ್ಲಿ ಟ್ರಂಕು ಇಟ್ಟುಕೊಂಡು ಇದೇ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಕೇಳುವುದನ್ನು ಸೂಗಮ್ಮ ಎಲ್ಲರಂತೆಯೇ ಮೊದಲು ಕೇಳಿದ್ದಳು. ಆ ಹೆಂಗಸು ಒಂದೇ ಶಬ್ದದಲ್ಲಿ ಉತ್ತರ ಹೇಳಿ, ಸೂಗಮ್ಮ ಮುಂದಿನ ಮಾತು ಆಡುವುದಕ್ಕೂ ಕಾಯದೆ, ಟ್ರಂಕನ್ನು ತಲೆಗೇರಿಸಿ ಹೊರಟುಹೋದಳು. ಕೂಸು ಗಂಡೋ ಹೆಣ್ಣೋ, ಎಷ್ಟು ದಿನದ್ದು, ಬಾಣಂತಿ ಒಬ್ಬಳೇ ಯಾವ ಊರಿನಿಂದ ಬಂದಳು, ಏನು ಉಂಡಿದ್ದಳು? ಮಧ್ಯಾಹ್ನವಿಡೀ ಈ ಪ್ರಶ್ನೆಗಳು ಸೂಗಮ್ಮನನ್ನು ತಿಂದವು. ಸಂಜೆ ಸೂಗಮ್ಮ ಸ್ಟೇಷನ್ನಿಗೆ ಹೋಗಿ ಎರಡೂ ಪ್ಲಾಟ್‌ಫಾರಂ ಹುಡುಕಿದಳು. ಸಿಗಲಿಲ್ಲ.

"ಇವತ್ತಿನ ತನಕ ಗೊತ್ತಿಲ್ಲ ನನಗ," ಎಂದಳು. "ಆ ಒಂದ ಮಾತ ಕೇಳಿದ್ರ ಉಳದ ಮಾತೆಲ್ಲಾ ಮುಚ್ಚಿ ಹೋಗ್ತಾವ, ಮಲ್ಲಣ್ಣ. ಆಮ್ಯಾಲ ಮನಷ್ಯಾಂದು ಏನೂ ತಿಳಿಯಾಂಗಿಲ್ಲ."

ಮಲ್ಲಣ್ಣ ಎದ್ದು ಹೋದ. ಎಂಟು ದಿನದಲ್ಲಿ ಅಂಗಳದ ನಡುವೆ ಸಿಮೆಂಟಿನ ಇಟ್ಟಿಗೆಯ ಗೋಡೆ ಎದ್ದಿತು. ಹಳೆಯ ಪಾಲುಪಟ್ಟಿಯ ಪ್ರಕಾರ ಬಾವಿ ಅವನ ಕಡೆಗೆ ಹೋಯಿತು. ಗೋಡೆ ಕಟ್ಟುತ್ತಿದ್ದಷ್ಟು ದಿನವೂ ಅವನು ಅಂಗಡಿಯಿಂದ ಮನೆಗೆ ತಡವಾಗಿ ಬರುತ್ತಿದ್ದ. ಸೂಗಮ್ಮ ಮಾತ್ರ ಗಾರೆಯವರ ಎದುರು ಕುಳಿತು ಅವರು ಯಾವ ಊರಿನವರು, ಇಟ್ಟಿಗೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸುತ್ತಿದ್ದಳು. ಆದರೆ ಕೊನೆಯ ಸಾಲು ಏರಿ, ಬಾವಿಯ ರಾಟೆಯ ಗಾಲಿ ಕಣ್ಣಿಗೆ ಮರೆಯಾದ ದಿನ ಆಕೆ ಏನೂ ಕೇಳಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ನೀರು ಕುಡಿದವಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಳದ ನೀರು ಐದು ದಿನಕ್ಕೊಮ್ಮೆ. ಉಳಿದ ದಿನಗಳಲ್ಲಿ ಓಣಿಯ ತುದಿಯ ಬೋರಿನ ಮುಂದೆ ಸಾಲು. ಇಪ್ಪತ್ತು ಮನೆಗಿದ್ದ ಬೋರಿಗೆ ಈಗ ತೊಂಬತ್ತು ಮನೆಯ ಕೊಡಗಳು. ಊದಿದ ಮಂಡಿಯ ಮೇಲೆ ಆಕೆ ನೀರು ಹೊತ್ತು ಬರುವುದನ್ನು ಮೂರು ದಿನ ನೋಡಿದ ಮೇಲೆ ಪರಿಮಳಾ ಗಂಡನಿಗೆ ಹೇಳಿದಳು, ಈ ಮುದುಕಿಯ ಸಂಕಟಕ್ಕೆ ನಾವು ಕಾರಣರಾಗುವುದು ಬೇಡ, ಮನೆ ಬಿಡೋಣ. ಬುದ್ಧಪ್ರಿಯ ಅದನ್ನೇ ಬಂದು ಹೇಳಿದಾಗ, ಸೂಗಮ್ಮನಿಗೆ ಸಿಟ್ಟು ಬಂದದ್ದನ್ನು ಆ ಮನೆಯ ಬಾಡಿಗೆದಾರರು ಮೊದಲ ಸಲ ಕಂಡರು.

"ನೀವು ಬಿಟ್ಟ ಹೋದ್ರ ಗ್ವಾಡಿ ಬೀಳ್ತದೇನು?" ಎಂದಳು. ಆಮೇಲೆ, ಇನ್ನೂ ಸಿಟ್ಟಿನಲ್ಲಿಯೇ, "ನಿಮ್ಮ ಮುತ್ಯಾಂದು ಕೇಳಿಕೊಂಡ ಬಾ ಅಂದಿದ್ದೆ. ಏನಾತು ಅದು?"

ಅವನು ಕೇಳಿಕೊಂಡು ಬಂದಿದ್ದ. ಇಷ್ಟೆಲ್ಲ ಆದಮೇಲೆ ಹೇಳುವುದು ಹೇಗೆಂದು ಸುಮ್ಮನಿದ್ದ. ಅಲ್ಲೇ ಹೊಸಿಲ ಮೇಲೆ ಕುಳಿತು ಹೇಳಿದ: ಅಮಾತೆಪ್ಪ ಬುತ್ತಿ ಕಟ್ಟಿಕೊಂಡು ಒಂದು ಹಗಲು ನಡೆದು, ಭೀಮಾ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ, ಇದೇ ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ್ದನಂತೆ. ಹರಿಗೋಲಿನವನು ನದಿಯ ನಡುವೆ ಯಾವ ಮಂದಿ ಎಂದು ಕೇಳಿದ್ದಕ್ಕೆ, ಹೋಗುವಾಗ ಒಂದು, ಬರುವಾಗ ಬೇರೆ ಎಂದು ಉತ್ತರ ಕೊಟ್ಟಿದ್ದನಂತೆ. ಸೂಗಮ್ಮ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಮನೆ ಬಿಡುವ ವಿಷಯ ಮತ್ತೆ ಬರಲಿಲ್ಲ.

ಪರಿಮಳಾಳಿಗೆ ಮಾತ್ರ ಸೂಗಮ್ಮನ ಪ್ರಶ್ನೆಗಳು ಮೊದಲಿನಿಂದಲೂ ಹಿಡಿಸಿರಲಿಲ್ಲ. ಬಾಲ್ಯದಿಂದ ಉತ್ತರ ಕೊಟ್ಟೇ ಸಾಕಾಗಿದ್ದವಳು ಅವಳು. ಯಾವ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಅಡಗಿರುತ್ತದೆಂದು ಚೆನ್ನಾಗಿ ಬಲ್ಲವಳು. ಸೂಗಮ್ಮನಿಗೆ ಒಂದೊಂದೇ ಶಬ್ದದ ಉತ್ತರ ಕೊಟ್ಟು ಬಸ್ಸಿಗೆ ಹೊರಡುತ್ತಿದ್ದಳು. ಆದರೂ ಮುಂಜಾನೆ ಬೋರಿಗೆ ಹೋಗುವಾಗ ಸೂಗಮ್ಮನ ಕೊಡವನ್ನೂ ತನ್ನ ಜೊತೆ ಒಯ್ಯತೊಡಗಿದಳು. ಬರಿಗೈಯಲ್ಲಿ ಹಿಂದೆ ಬರುವ ಸೂಗಮ್ಮ ಸಾಲಿನಲ್ಲಿ ನಿಂತವರನ್ನೆಲ್ಲ ವಿಚಾರಿಸುತ್ತಿದ್ದಳು. ಒಂದು ದಿನ, ಪಕ್ಕದಲ್ಲಿದ್ದವಳ ತಾಯಿಯ ಹೆಸರು ಏನೆಂದು ಸೂಗಮ್ಮ ಕೇಳುತ್ತಿದ್ದಾಗ, ಪರಿಮಳಾ ಬೋರಿನ ಕೆಳಗೆ ಕೊಡ ಇಡುತ್ತ ತಿರುಗಿ ನೋಡದೆಯೇ ಕೇಳಿದಳು.

"ಆಯೀ, ನಿಮ್ಮವ್ವನ ಹೆಸರೇನ್ರಿ?"

ಎಷ್ಟು ನೂರು ಜನರ ತಾಯಂದಿರ ಹೆಸರು ಸೂಗಮ್ಮನಿಗೆ ಗೊತ್ತಿತ್ತೋ ಏನೋ. ಆಕೆಯನ್ನು ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಹದಿನೈದನೆಯ ವಯಸ್ಸಿಗೆ ಈ ಓಣಿಗೆ ಬಂದ ಮೇಲೆ ಆ ಹೆಸರು ನಾಲಿಗೆಯ ಮೇಲೆ ಬರುವ ಸಂದರ್ಭವೇ ಒದಗಿರಲಿಲ್ಲ. ಕೊಡ ತುಂಬಿ ನೀರು ಹರಿಯಿತು, ಹಿಂದಿದ್ದವರು ಗದ್ದಲ ಮಾಡಿದರು. ಪರಿಮಳಾ ಕೊಡ ಎತ್ತಿಕೊಂಡು ಬದಿಗೆ ಸರಿದು ಕಾದಳು.

"ಬಾಲಮ್ಮ," ಎಂದಳು ಸೂಗಮ್ಮ ಕೊನೆಗೆ. ಹೇಳಿದ ಮೇಲೆ ಆ ಹೆಸರಿನ ಸದ್ದನ್ನು ತಾನೇ ಕೇಳುವಂತೆ ತಲೆ ವಾಲಿಸಿದಳು. ಆ ದಿನ ಪರಿಮಳಾ ಮೊದಲ ಬಸ್ಸು ತಪ್ಪಿಸಿಕೊಂಡಳು. ಓಣಿಯುದ್ದಕ್ಕೂ ಎರಡು ಕೊಡ ಹೊತ್ತು ನಿಧಾನವಾಗಿ ನಡೆದ ಅವಳ ಪಕ್ಕದಲ್ಲಿ ಸೂಗಮ್ಮ, ಕವಡೆ ಆಡುವುದರಲ್ಲಿ ಊರಿಗೇ ಸೋಲದಿದ್ದ, ನಗುವಾಗ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದ ಒಬ್ಬ ಹೆಂಗಸಿನ ವಿಷಯವನ್ನು ಒಂದೇ ಸಮನೆ ಹೇಳುತ್ತಿದ್ದಳು.

ಮಲ್ಲಣ್ಣನ ಮಗಳ ಮದುವೆ ಆಯಿತು. ಗೋಡೆ ಇದೆ. ಬುದ್ಧಪ್ರಿಯನೂ ಪರಿಮಳಾಳೂ ಅಲ್ಲಿಯೇ ಇದ್ದಾರೆ. ಮೇಲಿನ ಕೋಣೆಗೆ ಸುರಪುರದ ಕಡೆಯ ಹೊಸ ಜೋಡಿಯೊಂದು ಬಂದಿದೆ, ಅವರ ವಿಚಾರಣೆ ಇನ್ನೂ ಮುಗಿದಿಲ್ಲ.

ಇಂಥವರನ್ನು ದಯಾವಂತರೆಂದು ಹೊಗಳುವುದು ಸುಲಭ, ಆದರೆ ಅದು ಅಷ್ಟು ಸರಿಯಲ್ಲ. ದಯೆಯಿಂದ ಬಾಗಿಲು ತೆರೆದವರು ಒಂದಲ್ಲ ಒಂದು ದಿನ ದಣಿಯುತ್ತಾರೆ, ತಾವು ತೆರೆದದ್ದನ್ನು ನೆನಪಿಸುತ್ತಾರೆ. ಒಳಬಂದವನ ಕಥೆ ಏನೆಂದು ತಿಳಿಯದೆ ಇರಲಾರದೆ ತೆರೆದವರು ದಣಿಯುವುದು ಕಡಿಮೆ, ಋಣ ಹೊರಿಸುವುದು ಇನ್ನೂ ಕಡಿಮೆ. ಊರುಗಳು ಬೆಳೆಯುತ್ತ ಮನೆಗಳು ಒತ್ತೊತ್ತಾಗಿ, ಅವುಗಳಲ್ಲಿರುವವರು ಒಬ್ಬರಿಗೊಬ್ಬರು ದೂರದೂರವಾಗುತ್ತ ಹೋಗುವ ಈ ಕಾಲದಲ್ಲಿ ಓಣಿಗೊಬ್ಬರಂತೆ ಇಂಥವರು ಉಳಿದುಕೊಂಡಿರುತ್ತಾರೆ; ನಾವು ಅವರನ್ನು ಬಾಯಿಬಡುಕರೆಂದು ಕರೆದು, ಅವರ ಕಣ್ಣು ತಪ್ಪಿಸಿ ಹೆಜ್ಜೆ ಹಾಕುತ್ತೇವೆ. ನಮ್ಮನ್ನು ದಿನವೂ ನೋಡುವವರು ಸಾವಿರ ಮಂದಿ. ನಾವು ಎಲ್ಲಿಂದ ಹೊರಟು ಬಂದೆವು, ದಾರಿಯಲ್ಲಿ ಏನು ಉಂಡೆವು ಎಂದು ತಿಳಿಯುವ ತನಕ ತಮ್ಮ ಊಟ ಗಂಟಲಲ್ಲಿ ಇಳಿಯದವರು ಒಬ್ಬಿಬ್ಬರು.